ನಾಲ್ಕು ಬೆರಳು ಮೇಲಿನ ಗೆರೆ

ಹೊಳೆ ದಡದಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಎರಡು ಗುಡಿಸಲು, ಒಂದು ಹಸು, ಒಂದು ಹೊಂಗೆ ಮರ.

ಅಲ್ಲಿದ್ದ ಗುರುಗಳಿಗೆ ಯಾರನ್ನೂ ಒಂದೇ ಏಟಿಗೆ ನಂಬುವ ಅಭ್ಯಾಸವಿರಲಿಲ್ಲ. ಭಕ್ತಿಯಿಂದ ಮೊಸರು ತಂದುಕೊಟ್ಟವಳನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡುವರು. ಆಮೇಲೆ ಅದೇ ಮೊಸರು ಕಡೆದು ಎರಡು ಲೋಟ ಮಜ್ಜಿಗೆ ಕುಡಿಯುವರು.

ಶಿಷ್ಯ ಮರಿದೇವ ಇದಕ್ಕೆ ತದ್ವಿರುದ್ಧ. ಗಾಣದೆಣ್ಣೆ ವ್ಯಾಪಾರಿಯ ಮಗ. ಲೋಕ ತನ್ನಷ್ಟಕ್ಕೆ ತಾನು ಸರಿಯಾಗಿಯೇ ನಡೆಯುತ್ತದೆ ಅಂತ ಅಪ್ಪನ ಅಂಗಡಿಯಲ್ಲಿ ಕಲಿತು ಬಂದಿದ್ದ.

ಆ ಮಳೆಗಾಲದಲ್ಲಿ ಮರಿದೇವನ ಅಕ್ಕ ಹೊನ್ನಾಜಿ ಆರು ತಿಂಗಳ ಮಗಳನ್ನು ಎತ್ತಿಕೊಂಡು ಆಶ್ರಮಕ್ಕೆ ಬಂದಳು. ಮಗುವಿಗೆ ಬಿಡದ ಕೆಮ್ಮು. ಗುರುಗಳ ಕಷಾಯಕ್ಕೆ ಅದು ಇಳಿಯುತ್ತ ಬಂತು. ಇನ್ನೊಂದು ಸೋಮವಾರ ಕಳೆಯಲಿ, ಎರಡನೆಯ ಸೋಮವಾರ ಆಚೆ ದಡದ ಗಂಡನ ಮನೆಗೆ ಮರಳಲಿ ಅಂತ ತೀರ್ಮಾನವಾಯಿತು. ಸೋಮವಾರ ಆಚೆ ದಡದಲ್ಲಿ ಸಂತೆ, ಮಳೆಗಾಲದಲ್ಲಿ ದೋಣಿ ಬಿಡುವುದು ಅವತ್ತೊಂದೇ ದಿನ.

ಗುರುಗಳು ಕೇಳಿದರು. "ಹೊಳೆ ದಿನದಿನಕ್ಕೆ ಏರ್ತಾ ಇದೆ. ಹೇಗೆ ಕಳಿಸ್ತೀಯಪ್ಪ?"

"ಕೆಂಚಣ್ಣನ ದೋಣಿ ಇದೆಯಲ್ಲ ಗುರುಗಳೇ."

"ಸಂತೆ ದಿನ ಅವನು ಜನ ತುಂಬೋದು ನೋಡಿದ್ದೀಯಾ?"

"ತುಂಬ್ತಾನೆ. ಆದರೆ ಅವನೂ ಅದೇ ದೋಣೀಲಿ ಕೂತಿರ್ತಾನಲ್ಲ. ಅವನಿಗೆ ಜೀವದ ಆಸೆ ಇಲ್ವಾ? ದೋಣಿ ಅವನದು, ಅನ್ನ ಅವನದು. ಒಂದು ಸಲ ಮುಳುಗಿಸಿದರೆ ಆಮೇಲೆ ಯಾರು ಹತ್ತುತ್ತಾರೆ? ಅಕ್ಕನಿಗೂ ಇದನ್ನೇ ಹೇಳಿದೆ. ನಮ್ಮಪ್ಪ ಯಾವತ್ತೂ ಎಣ್ಣೆಗೆ ಕಲಬೆರಕೆ ಮಾಡಲಿಲ್ಲ. ಧರ್ಮಕ್ಕೆ ಹೆದರಿ ಅಲ್ಲ, ಗಿರಾಕಿ ಬಿಟ್ಟುಹೋಗ್ತಾನೆ ಅಂತ."

"ಎಣ್ಣೆ ಕೆಟ್ಟರೆ ಗಿರಾಕಿ ಮಾರನೇ ದಿನ ಬಂದು ಬೈತಾನೆ. ದೋಣಿ ಮುಳುಗಿದರೆ ಬೈಯೋಕೆ ಯಾರು ಬರ್ತಾರೆ?"

ಮರಿದೇವ ತಲೆ ಕೆರೆದುಕೊಂಡ.

"ಇನ್ನೊಂದು ಮಾತು ಕೇಳ್ತೀನಿ" ಅಂದರು ಗುರುಗಳು. "ಕೆಂಚಣ್ಣನಿಗೆ ಈಜು ಬರುತ್ತಾ?"

"ಅಂಬಿಗನಿಗೆ ಈಜು ಬರದೆ ಇರುತ್ತಾ ಗುರುಗಳೇ?"

"ನಿಮ್ಮಕ್ಕನಿಗೆ?"

ಮರಿದೇವನಿಗೆ ಆ ದಿನ ಊಟ ಸೇರಲಿಲ್ಲ. ಹೋದ ವರ್ಷ ಕೆಳಗಿನ ಊರಿನ ಹತ್ತಿರ ದೋಣಿ ಮುಳುಗಿ ಒಂಬತ್ತು ಜನ ಹೋಗಿದ್ದರು. ಅಂಬಿಗ ಈಜಿ ದಡ ಸೇರಿದ್ದ. ಈಗ ಇನ್ಯಾವುದೋ ಊರಿನಲ್ಲಿ ದೋಣಿ ನಡೆಸುತ್ತಿದ್ದಾನೆ, ಜನ ಹತ್ತುತ್ತಲೂ ಇದ್ದಾರೆ ಅಂತ ಸುದ್ದಿ.

ಮಾರನೆಯ ಬೆಳಿಗ್ಗೆ ಅವನು ಗೆಲುವಾಗಿ ಬಂದ.

"ಗುರುಗಳೇ, ನಾನು ಒಂದು ಮರೆತೇಬಿಟ್ಟಿದ್ದೆ. ದೋಣಿಗೆ ಸರ್ಕಾರದ ಗೆರೆ ಇದೆ."

ಇದ್ದದ್ದು ನಿಜ. ಆ ಒಂಬತ್ತು ಜನ ಹೋದ ಮೇಲೆ ಅಮಲ್ದಾರರು ಪ್ರತಿ ದೋಣಿಯ ಪಕ್ಕಕ್ಕೂ ಬಿಳಿ ಗೆರೆ ಹೊಡೆಸಿದ್ದರು. ನೀರು ಗೆರೆ ಮುಟ್ಟಿತೋ, ಇನ್ನೊಬ್ಬರನ್ನು ಹತ್ತಿಸುವ ಹಾಗಿಲ್ಲ. ಹತ್ತಿಸಿದರೆ ದೋಣಿ ಜಪ್ತಿ.

"ಗೆರೆ ಯಾರು ಎಳೆದರು?" ಗುರುಗಳು ಕೇಳಿದರು.

"ಅಮಲ್ದಾರರ ಗುಮಾಸ್ತ."

"ಅವನಿಗೆ ಹೊಳೆ ಗೊತ್ತಾ?"

"ಅಳತೆ ಮಾಡಿಯೇ ಎಳೆದಿರ್ತಾನೆ. ಅವನಿಗೆ ಇದರಲ್ಲಿ ಲಾಭ ಇಲ್ಲ ನೋಡಿ. ಲಾಭ ಇಲ್ಲದವನು ತಪ್ಪು ಗೆರೆ ಯಾಕೆ ಎಳೀತಾನೆ?"

"ಲಾಭ ಇಲ್ಲದವನು ಸರಿ ಗೆರೆ ತಾನೇ ಯಾಕೆ ಎಳೀತಾನೆ?"

ಮರಿದೇವನಿಗೆ ರೇಗಿತು. ಗುರುಗಳ ಮೇಲೆ ರೇಗುವ ಹಾಗಿಲ್ಲವಲ್ಲ, ಹಸುವಿನ ಗೂಟ ಕಿತ್ತು ಮತ್ತೆ ಬಡಿದ.

"ಕೆಂಚಣ್ಣ ಇವತ್ತು ದೋಣಿ ಮೇಲಕ್ಕೆಳೆದು ಡಾಂಬರು ಬಳೀತಿದ್ದಾನೆ" ಅಂದರು ಗುರುಗಳು. "ಹೋಗಿ ಕೈ ಸೇರಿಸು. ಜೊತೆಗೆ ಕೈ ಕೊಳೆ ಮಾಡ್ಕೊಂಡವನ ಹತ್ತಿರ ಜನ ಮುಚ್ಚಿಡೋದು ಕಡಿಮೆ."

ಕೆಂಚಣ್ಣ ಕೆಟ್ಟವನಲ್ಲ. ಮರಿದೇವ ಬಂದದ್ದಕ್ಕೆ ಸಂತೋಷಪಟ್ಟ, ಎಲೆ ಅಡಿಕೆ ಕೊಟ್ಟ. ಇಬ್ಬರೂ ಮಧ್ಯಾಹ್ನದವರೆಗೆ ಡಾಂಬರು ಬಳಿದರು. ಬಿಳಿ ಗೆರೆಯ ಹತ್ತಿರ ಬಂದಾಗ ಮರಿದೇವನ ಕೈ ನಿಂತಿತು. ಗೆರೆಯ ಕೆಳಗೆ ಯಾರೋ ಒರೆಸಿದ ಇನ್ನೊಂದು ಗೆರೆಯ ಮಸುಕು ಗುರುತು.

"ಇದೇನು ಕೆಂಚಣ್ಣ?"

ಕೆಂಚಣ್ಣ ಮುಸಿಮುಸಿ ನಕ್ಕ. "ಅದಾ? ಗುಮಾಸ್ತ ಬಂದ ದಿನ ನಮ್ಮನೇಲೇ ಊಟ. ನಮ್ಮವಳು ಮೀನಿನ ಸಾರು ಮಾಡಿದ್ದಳು. ಊಟಕ್ಕೆ ಮುಂಚೆ ಕೆಳಗೆ ಎಳೆದಿದ್ದ, ಊಟ ಆದಮೇಲೆ ನಾಲ್ಕು ಬೆರಳು ಮೇಲಕ್ಕೆ ಎಳೆದ. ಸಾರು ಅಷ್ಟು ಚೆನ್ನಾಗಿತ್ತು ಅನ್ನು."

"ಹೆದರಿಕೆ ಆಗಲ್ವಾ ನಿನಗೆ?"

"ಮೊದಲು ಆಗ್ತಿತ್ತು ಸ್ವಾಮಿ. ದೋಣಿ ಕುಸೀತಾ ಬಂದರೆ ನಾನೇ ಸಾಕು ಇಳೀರಿ ಅಂತಿದ್ದೆ. ಈಗ ಗೆರೆ ಇದೆಯಲ್ಲ. ನಾಳೆ ಏನಾದರೂ ಆದರೆ ಗೆರೆ ತೋರಿಸಿದರಾಯ್ತು."

ಮರಿದೇವ ಆ ಗುರುತಿನ ಮೇಲೆ ಡಾಂಬರು ಬಳಿಯದೆ, ಕೈಯನ್ನೂ ತೊಳೆಯದೆ ಆಶ್ರಮಕ್ಕೆ ಬಂದ. ನಡೆದದ್ದನ್ನೆಲ್ಲ ಹೇಳಿದ.

"ಅಂಬಿಗನನ್ನ ನಂಬೋ ಹಾಗಿಲ್ಲ. ಅಮಲ್ದಾರರ ಗೆರೆ ನಂಬೋ ಹಾಗಿಲ್ಲ. ಇನ್ಯಾರನ್ನ ನಂಬಿ ಆ ಕೂಸನ್ನ ಹೊಳೆ ದಾಟಿಸಲಿ ಗುರುಗಳೇ? ಅಕ್ಕ ಇಲ್ಲೇ ಹೊಂಗೆ ಮರದ ಕೆಳಗೆ ಮುದುಕಿ ಆಗಲಾ?"

ಗುರುಗಳು ಅವನ ಕೈಗೆ ಒಂದು ಹಿಡಿ ಬೂದಿ ಹಾಕಿದರು, ಡಾಂಬರು ಉಜ್ಜಿಕೊಳ್ಳಲಿ ಅಂತ.

"ಈ ಸೋಮವಾರ ದಡದಲ್ಲಿ ಕೂತು ನೋಡು. ದೋಣಿ ನೋಡಬೇಡ. ದೋಣಿ ವಿಷಯ ಗೊತ್ತಿರೋರನ್ನ ನೋಡು."

"ಗೊತ್ತಿರೋರು ಯಾರು?"

"ಗೆರೆ ಎಳೆದವನು. ಅವನಿಗೆ ಸಾರು ಬಡಿಸಿದವಳು."

ಸೋಮವಾರ ಮರಿದೇವ ಬೆಳಿಗ್ಗೆಯಿಂದ ದಡದಲ್ಲಿ ಕೂತ. ಬಿಸಿಲೇರಿದ ಮೇಲೆ ಬಂದ.

"ಏನು ಕಂಡೆ?"

"ಕೆಂಚಣ್ಣನ ಹೆಂಡತಿ ಚೆಲುವಮ್ಮ ಸಂತೆಗೆ ಸೊಪ್ಪು ಮಾರೋಕೆ ಹೋಗ್ತಾಳೆ. ಎಲ್ಲರಿಗಿಂತ ಮುಂಚೆ ಪುಟ್ಟಿ ತಂದಿಟ್ಟಳು. ಮೊದಲನೇ ದೋಣಿ ತುಂಬಿತು, ಹೋಯ್ತು. ಎರಡನೇದು ಹೋಯ್ತು. ಮೂರನೇದೂ ಹೋಯ್ತು. ಸೊಪ್ಪು ಬಾಡ್ತಾ ಇತ್ತು, ನೀರು ಚಿಮುಕಿಸ್ಕೊಂಡು ಕೂತೇ ಇದ್ದಳು. ನಾಲ್ಕನೇ ಸಲ ಏಳೇ ಜನ. ಆಗ ಎದ್ದು ಹತ್ತಿದಳು."

"ಯಾಕಂತೆ?"

"ಕೇಳಿದೆ. ನಾನು ಬಯಲುಸೀಮೆ ಹೆಣ್ಣು ಕಣಪ್ಪ, ನನಗೆ ಈಜು ಬರಲ್ಲ ಅಂದಳು."

"ಗುಮಾಸ್ತ?"

"ಅವನೂ ಸಂತೆಗೆ ಹೊರಟಿದ್ದ. ದಡದವರೆಗೆ ಬಂದ, ತುಂಬಿದ ದೋಣಿ ನೋಡಿದ, ಕುದುರೆ ತಿರುಗಿಸಿ ಅಣೆಕಟ್ಟೆ ದಾರಿ ಹಿಡಿದ. ಎರಡು ಹರಿದಾರಿ ಸುತ್ತು."

"ಒಳ್ಳೇದು. ಈಗ ನಿನಗೂ ಗೊತ್ತಾಯ್ತು."

"ಗೊತ್ತಾಯ್ತು ಗುರುಗಳೇ. ಮುಂದಿನ ಸೋಮವಾರ ಅಕ್ಕನನ್ನ ಚೆಲುವಮ್ಮನ ಜೊತೆಗೇ ಕಳಿಸ್ತೀನಿ."

"ಉಳಿದವರನ್ನ?"

ಗುರುಗಳು ಹಸುವಿಗೆ ಹುಲ್ಲು ಹಾಕಲು ಎದ್ದುಹೋದರು.

ಅಕ್ಕನಿಗೆ ಅವನು ಇಷ್ಟೇ ಹೇಳಿದ, "ಚೆಲುವಮ್ಮನ ಜೊತೆ ಹೋಗಕ್ಕ." ಯಾಕೆ ಅಂತ ಹೇಳಲಿಲ್ಲ. ಹೆದರಿಕೊಳ್ಳುತ್ತಾಳೆ ಅಂದುಕೊಂಡ. ಗೊತ್ತಿದ್ದವರೆಲ್ಲ ಮಾಡಿದ್ದನ್ನೇ ಅವನೂ ಮಾಡಿದ.

ಎರಡನೆಯ ಸೋಮವಾರ ಬಂತು. ಮರಿದೇವ ಹಾಲು ಕರೆದು ಒಳಗೆ ಬಂದರೆ ಅಕ್ಕನ ಗಂಟು ಇಲ್ಲ, ಮಗುವಿನ ತೊಟ್ಟಿಲ ಬಟ್ಟೆ ಇಲ್ಲ. ಬೇಗ ಹೊರಟರೆ ಬೇಗ ಮನೆ ಸೇರಬಹುದು ಅಂತ ಹೊನ್ನಾಜಿ ಮೊದಲನೇ ದೋಣಿಗೇ ಹೋಗಿದ್ದಳು.

ಅವನು ಹಾಲಿನ ಚೆಂಬು ಅಲ್ಲೇ ಬಿಟ್ಟು ಓಡಿದ. ಗುರುಗಳು ಕೋಲು ಹಿಡಿದು ಹಿಂದೆ ಹೊರಟರು.

ದೋಣಿ ಕಿಕ್ಕಿರಿದಿತ್ತು. ಮೂವತ್ತು ಮೂವತ್ತೈದು ಜನ, ಎರಡು ಮೇಕೆ, ಬದನೆಕಾಯಿ ಚೀಲಗಳು. ನೀರು ಬಿಳಿ ಗೆರೆಗೆ ಒಂದು ಬೆರಳು ಕೆಳಗಿತ್ತು. ನಟ್ಟನಡುವಿನ ಹಲಗೆಯ ಮೇಲೆ ಹೊನ್ನಾಜಿ, ಮಗುವಿನ ತಲೆಗೆ ಸೆರಗು ಹೊದಿಸಿಕೊಂಡು ಕೂತಿದ್ದಳು.

"ಅಕ್ಕಾ, ಇಳಿ."

"ಯಾಕೋ?"

"ಆಮೇಲೆ ಹೋಗುವೆಯಂತೆ. ಈಗ ಇಳಿ."

"ಅತ್ತೆ ಕಾಯ್ತಿರ್ತಾರೆ ಕಣೋ. ನೀನೇ ಹೇಳಿದ್ದೆಯಲ್ಲ, ಅಂಬಿಗನೂ ಇದೇ ದೋಣೀಲಿ ಇರ್ತಾನೆ, ಅವನಿಗೆ ಜೀವದ ಆಸೆ ಇಲ್ವಾ ಅಂತ. ಸಾಲದ್ದಕ್ಕೆ ಸರ್ಕಾರದ ಗೆರೆ ಬೇರೆ ಇದೆ."

ತನ್ನ ಮಾತು ತನಗೇ ತಿರುಗಿ ಬಂದಾಗ ಮರಿದೇವ ದೋಣಿಯ ಅಂಚು ಹಿಡಿದುಕೊಂಡ. ಕೆಂಚಣ್ಣನ ಕಡೆ ತಿರುಗಿದ.

"ಜಾಸ್ತಿ ಆಯ್ತು ಕೆಂಚಣ್ಣ."

"ಗೆರೆ ನೋಡು ಸ್ವಾಮಿ, ನೀರು ಇನ್ನೂ ಮುಟ್ಟಿಲ್ಲ. ನಾನೇನು ಯಾರನ್ನೂ ಕೈ ಹಿಡಿದು ಎಳೆದು ಕೂರಿಸಿಲ್ಲ. ಬೇಡ ಅನ್ನೋರು ಇಳೀಬಹುದು."

"ಆ ಗೆರೆ ನಾಲ್ಕು ಬೆರಳು ಮೇಲಿದೆ, ಗೊತ್ತಾ ನಿಮಗೆ?" ಮರಿದೇವ ದೋಣಿಯವರಿಗೆಲ್ಲ ಕೇಳುವ ಹಾಗೆ ಹೇಳಿದ.

ಯಾರೂ ಅಲ್ಲಾಡಲಿಲ್ಲ. ಒಬ್ಬ ಮೇಕೆಯವನು ಅಂದ, "ಹೊತ್ತಾಯ್ತು, ಬಿಡಪ್ಪ ದೋಣಿ. ಆಶ್ರಮದೋರಿಗೇನು, ಕೂತಲ್ಲಿಗೆ ಕೂಳು ಬರುತ್ತೆ." ನಾಲ್ಕು ಜನ ನಕ್ಕರು. ಕೆಂಚಣ್ಣ ಹುಟ್ಟು ಕೈಗೆ ತೆಗೆದುಕೊಂಡ.

ಗುರುಗಳು ಆಗ ಬಂದರು. ದೋಣಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ದಡದ ಮೇಲೆ ಪುಟ್ಟಿ ಇಟ್ಟುಕೊಂಡು ಕೂತಿದ್ದ ಚೆಲುವಮ್ಮನ ಮುಂದೆ ಹೋಗಿ ನಿಂತರು.

"ಏಳು ತಾಯಿ. ದೋಣಿ ಹೊರಡ್ತಾ ಇದೆ."

"ನಾನು ಆಮೇಲೆ ಹೋಗ್ತೀನಿ ಬುದ್ಧಿ."

"ಸೊಪ್ಪು ಬಾಡುತ್ತೆ."

"ಬಾಡಲಿ ಬುದ್ಧಿ."

"ನಿನ್ನ ಗಂಡನದೇ ದೋಣಿ. ಇನ್ನೊಬ್ಬರಿಗೆ ಜಾಗ ಇದೆಯಂತೆ. ಅಲ್ವೇನಪ್ಪ ಕೆಂಚಣ್ಣ? ನೀರು ಇನ್ನೂ ಗೆರೆ ಮುಟ್ಟಿಲ್ಲ ಅಂದೆಯಲ್ಲ."

ದೋಣಿಯಲ್ಲಿ ನಗುತ್ತಿದ್ದವರು ನಗು ನಿಲ್ಲಿಸಿದರು.

"ನಾನು ಕರೆದರೆ ಬರಲ್ಲ ಅಂತಾಳೆ" ಅಂದರು ಗುರುಗಳು. "ನೀನು ಕರಿ. ಗಂಡ ಕರೆದರೆ ಬಂದಾಳು."

ಈಗ ಎಲ್ಲರೂ ಕೆಂಚಣ್ಣನ ಮುಖ ನೋಡುತ್ತಿದ್ದರು. ಅವನು ಹೆಂಡತಿಯನ್ನು ನೋಡಿದ. ಹೊಳೆ ನೋಡಿದ. ಕೊನೆಗೆ ಕೈಯಲ್ಲಿದ್ದ ಹುಟ್ಟು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದ.

"ಅವಳು ಆಮೇಲೆ ಬರಲಿ ಬುದ್ಧಿ."

ಮೊದಲು ಎದ್ದದ್ದು ಕೋಳಿ ಹಿಡಿದಿದ್ದ ಒಬ್ಬ ಮುದುಕಿ. ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಅವಳ ಹಿಂದೆ ಇಬ್ಬರು. ಆಮೇಲೆ ಮೇಕೆಯವನು, ಯಾರ ಮುಖವನ್ನೂ ನೋಡದೆ. ಹೊನ್ನಾಜಿಯೂ ಎದ್ದಳು. ಮರಿದೇವ ಮೊಣಕಾಲುದ್ದ ನೀರಿಗೆ ಹೋಗಿ ಮಗುವನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಮಗು ಒಂದು ಸಲ ಕೆಮ್ಮಿ ಮತ್ತೆ ನಿದ್ದೆಹೋಯಿತು.

ಹದಿನಾಲ್ಕು ಜನ ಇಳಿದರು. ದೋಣಿ ಮೇಲಕ್ಕೆದ್ದಿತು. ಬಿಳಿ ಗೆರೆಗೆ ನಾಲ್ಕು ಬೆರಳು ಕೆಳಗೆ ಒರೆಸಿದ ಗೆರೆ ಹೊರಗೆ ಬಂತು. ಕೆಂಚಣ್ಣ ದೋಣಿ ಬಿಟ್ಟ.

"ಗೊತ್ತಿದ್ದೂ ನನಗೆ ಯಾಕೋ ಹೇಳಲಿಲ್ಲ?" ಅಂತ ಹೊನ್ನಾಜಿ ತಮ್ಮನನ್ನು ಕೇಳಿದಳು.

ನಾಲ್ಕನೆಯ ಸಲಕ್ಕೆ ಅವಳು ಚೆಲುವಮ್ಮನ ಪಕ್ಕ ಕೂತು ಹೋದಳು. ಆಚೆ ದಡದಲ್ಲಿ ಇಳಿದು ಕೈ ಎತ್ತಿದಳು. ಮರಿದೇವನಿಗೆ ಅಳು ಬಂತು, ನಗುವೂ ಬಂತು.

"ಗುರುಗಳೇ, ಸರಿಯಾದ ಗೆರೆ ಸಿಕ್ಕಿತು. ಇನ್ನುಮುಂದೆ ಜನ ಬಿಳಿ ಗೆರೆ ನೋಡಲ್ಲ, ಚೆಲುವಮ್ಮ ಹತ್ತಿದಳಾ ಅಂತ ನೋಡ್ತಾರೆ. ಅವಳು ಹತ್ತದ ದೋಣಿಗೆ ಯಾರೂ ಕಾಲಿಡಲ್ಲ. ಅಮಲ್ದಾರರೂ ಬೇಕಿಲ್ಲ, ಕೆಂಚಣ್ಣನ ಒಳ್ಳೇತನವೂ ಬೇಕಿಲ್ಲ. ಇನ್ನು ಚಿಂತೆ ಇಲ್ಲ."

ಆಚೆ ದಡದಲ್ಲಿ ಕೆಂಚಣ್ಣ ಹೆಂಡತಿಯನ್ನು ಪಕ್ಕಕ್ಕೆ ಕರೆದು, ದಡದಂಚಿನ ಆಳವಿಲ್ಲದ ನೀರಿನ ಕಡೆ ಕೈ ತೋರಿಸುತ್ತ ಏನೋ ಹೇಳುತ್ತಿದ್ದ. ಗುರುಗಳು ಹುಬ್ಬಿಗೆ ಕೈ ಅಡ್ಡ ಹಿಡಿದು ಅದನ್ನೇ ನೋಡುತ್ತಿದ್ದರು.

"ನಾಳೆಯಿಂದ ಮತ್ತೆ ದಡದಲ್ಲಿ ಕೂರು" ಅಂದರು.

"ಇನ್ನೂ ಯಾಕೆ ಗುರುಗಳೇ?"

"ಅವನು ಅವಳಿಗೆ ಈಜು ಕಲಿಸೋಕೆ ಶುರು ಮಾಡ್ತಾನೆ."