ಆನೆ ಕಾಸು ಉಜ್ಜಿದ ಸಾಕವ್ವ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಲೆಕ್ಕ ಹಾಕ್ತಾ ಕೂತರೆ ಕತೆ ಆರಿ ತಣ್ಣಗಾಗ್ತದೆ. ಹಾಲುಗುಂದಿ ಅಂತ ಒಂದು ಪಟ್ಟಣ ಇತ್ತಂತೆ. ಆ ಪಟ್ಟಣಕ್ಕೆ ಚಿತ್ರಶೇಖರ ಅಂತ ಒಬ್ಬ ದೊರೆ ಇದ್ದನಂತೆ.

ಕೆಲವು ದೊರೆಗಳಿಗೆ ಬೇಟೆ ಹುಚ್ಚು, ಕೆಲವರಿಗೆ ಕುದುರೆ ಹುಚ್ಚು. ಈ ಪುಣ್ಯಾತ್ಮನಿಗೆ ಹಳೇ ಕಾಸಿನ ಹುಚ್ಚು. ಖರ್ಚು ಮಾಡೋ ಕಾಸಲ್ಲ ಕಣ್ರಪ್ಪ, ಕೂತು ನೋಡೋ ಕಾಸು! ಅಪ್ಪನ ಕಾಲದ್ದು, ತಾತನ ಕಾಲದ್ದು, ಮುತ್ತಾತನ ಕಾಲದ್ದು. ಬೀಟೆ ಮರದ ಹಲಗೆಗೆ ನೂರೊಂದು ಗುಳಿ ತೋಡಿಸಿ, ಗುಳಿಗೊಂದರಂತೆ ನೂರೊಂದು ಕಾಸು ಕೂರಿಸಿದ್ದನಂತೆ. ಅನ್ನ ಬಿಟ್ಟರೂ ಬಿಟ್ಟಾನು, ದಿನಾ ಆ ಹಲಗೆ ನೋಡೋದು ಬಿಡ.

ನಟ್ಟನಡುವಿನ ಗುಳಿಯಲ್ಲಿ ಆನೆ ಕಾಸು. ಬರೀ ತಾಮ್ರದ್ದು, ಮೇಲೆ ಮಾವುತ ಕೂತ ಆನೆಯ ಅಚ್ಚು. ಆದರೆ ಅದು ದೊರೆಯ ಮುತ್ತಜ್ಜಿ ಪಟ್ಟಕ್ಕೆ ಬಂದ ವರ್ಷ ಹೊಡೆಸಿದ್ದಂತೆ. ಆ ಒಂದು ವರ್ಷ ಬಿಟ್ಟರೆ ಮತ್ತೆ ಹೊಡೆಸಲಿಲ್ಲವಂತೆ. ಸುತ್ತ ನೂರು ಬೆಳ್ಳಿ ಬಂಗಾರ ಇದ್ದರೂ ದೊರೆಯ ಕಣ್ಣು ಮೊದಲು ಹೋಗ್ತಿದ್ದುದು ಆ ತಾಮ್ರದ ಕಡೆಗೇ.

ಕಾಸು ನೋಡಿ ಬೆಲೆ ಕಟ್ಟೋನಿಗೆ ಆಗ ನೋಟಗಾರ ಅನ್ನೋರು. ಅರಮನೆ ನೋಟಗಾರ ಭುಜಂಗಯ್ಯ. ಅವನಿಗೆ ಗೊತ್ತಿದ್ದ ಶಾಸ್ತ್ರ ಒಂದೇ: "ಬೆಳಗಿದಷ್ಟೂ ಬೆಲೆ!" ಅದಕ್ಕೆ ಏನು ಮಾಡಿದ್ದ? ಶುಕ್ರವಾರ ಬಂತು ಅಂದ್ರೆ ದೇವರ ದೀಪ ಬೆಳಗಲ್ವೆ ನಾವು, ಹಂಗೇ ದೊರೆಯ ಅಪ್ಪಣೆ ಪಡೆದು ನೂರೊಂದು ಕಾಸನ್ನೂ ಹಿತ್ತಲಿಗೆ ಕಳಿಸೋನು. ಹಿತ್ತಲಲ್ಲಿ ಸಾಕವ್ವ ಕೂತಿರೋಳು. ಎಡಗಡೆ ಹುಣಿಸೆಹಣ್ಣು, ಬಲಗಡೆ ಬೂದಿ, ಕೈಯಲ್ಲಿ ತೆಂಗಿನ ನಾರು. ಉಜ್ಜು, ತೊಳಿ, ಒರೆಸು. ಉಜ್ಜು, ತೊಳಿ, ಒರೆಸು. ಹಿಂಗೆ ಏಳು ವರ್ಷ.

ಸಾಕವ್ವನ ಗಂಡ ಮುದ್ದಯ್ಯ ಅರಮನೆ ಮಾವುತ. ಒಂದು ಸಲ ಆನೆ ಅವನ ಕಾಲು ತುಳೀತು. ಬೇಕಂತ ತುಳಿದದ್ದಲ್ಲ ಪಾಪ, ಅದಕ್ಕೇನು ಗೊತ್ತು. ಅವತ್ತಿಂದ ಮುದ್ದಯ್ಯ ಮನೆ ಬಿಟ್ಟು ಏಳಲಿಲ್ಲ. ಆನೆ ಲಾಯದ ಹಿಂದೆ ಒಂದು ಗುಡಿಸಲು ಕೊಟ್ಟಿದ್ರು, ಸಾಕವ್ವನ ದುಡಿಮೆಗೆ ದಿನಕ್ಕೆ ಎರಡು ಸೇರು ರಾಗಿ. ಅಷ್ಟೇ ಬದುಕು. ಅಷ್ಟರಲ್ಲೇ ಇಬ್ಬರೂ ನಕ್ಕೊಂಡು ಇದ್ರು.

ಒಂದು ಶುಕ್ರವಾರ ಸಾಕವ್ವನಿಗೆ ತಡೀಲಿಲ್ಲ. ಭುಜಂಗಯ್ಯನ ಹತ್ರ ಹೋಗಿ, "ಅಯ್ಯಾ, ನಾನು ಬಂದಾಗ ಈ ಆನೆಗೆ ಕಾಲುಗುರು ಇದ್ವು. ಅವು ಹೋದ್ವು. ಆಮೇಲೆ ದಂತ ಹೋಯ್ತು. ಹೋದ ತಿಂಗಳು ಮೇಲಿದ್ದ ಮಾವುತನೂ ಇಳಿದು ಹೋದ. ಹಿಂಗೇ ಉಜ್ಜಿದ್ರೆ ಇನ್ನೊಂದು ವರ್ಷಕ್ಕೆ ಆನೆ ಹೋಗಿ ಹಲಸಿನ ಹಣ್ಣು ಉಳೀತದೆ," ಅಂದ್ಲಂತೆ.

"ಉಜ್ಜೋದು ನಿನ್ನ ಕೆಲಸ, ನೋಡೋದು ನನ್ನ ಕೆಲಸ. ಬಾಯಿ ಮುಚ್ಚಿಕೊಂಡು ಉಜ್ಜು," ಅಂದನಂತೆ ಭುಜಂಗಯ್ಯ.

ಸರಿ, ಬಡವಿ ಏನು ಮಾಡ್ತಾಳೆ? ಉಜ್ಜಿದ್ಲು.

ಅಲ್ಲ, ದೊರೆ ದಿನಾ ನೋಡ್ತಿದ್ದನಲ್ಲ, ಅವನಿಗೆ ಕಾಣಲಿಲ್ವಾ ಅಂತ ಕೇಳ್ತೀರಿ. ಇಲ್ಲ ಕಣ್ರಪ್ಪ. ದಿನಾ ನೋಡೋ ಅವ್ವನಿಗೆ ಮಗ ಬೆಳೆದಿದ್ದು ಕಾಣುತ್ತಾ? ಊರಿಂದ ಬಂದ ನೆಂಟರೇ ಹೇಳಬೇಕು.

ನೆಂಟ ಬಂದೇಬಿಟ್ಟ. ದೊರೆಯ ಸೋದರಮಾವ, ಮೂಡಲಸೀಮೆಯ ಕೆಂಪರಾಯ. ಅವನಿಗೂ ಇದೇ ಹುಚ್ಚು, ಅಳಿಯನಿಗಿಂತ ಒಂದು ಗೇಣು ಜಾಸ್ತಿ. ಹೋಳಿಗೆ ಊಟ ಆಯ್ತು, ಎಲೆ ಅಡಿಕೆ ಆಯ್ತು, ತುಂಬಿದ ಸಭೆಗೆ ಹಲಗೆ ಬಂತು. ಕೆಂಪರಾಯ ಆನೆ ಕಾಸು ಎತ್ತಿಕೊಂಡ, ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ.

"ಅಳಿಯಂದಿರೇ, ಇದೇನು, ಅಂಗಿ ಗುಂಡಿಯಾ?" ಅಂದ.

ಸಭೆ ಗೊಳ್ಳಂತ ನಕ್ಕಿತಂತೆ. ದೊರೆ ಕಾಸು ಕಸಿದುಕೊಂಡು ನೋಡ್ತಾನೆ, ಆನೆಯೂ ಇಲ್ಲ, ಮಾವುತನೂ ಇಲ್ಲ. ನುಣ್ಣಗೆ ಹೊಳೀತಾ ಐತೆ! ಮುಖ ಕೆಂಪಾಯ್ತು. "ಭುಜಂಗಯ್ಯಾ, ನಮ್ಮ ಮುತ್ತಜ್ಜಿಯ ಆನೆ ಎಲ್ಲಿ?"

ಭುಜಂಗಯ್ಯ ಬೆವೆತ. "ದೊರೆಗಳೇ, ನಾನು ಮೆಲ್ಲಗೆ ಒರೆಸು ಅಂದಿದ್ದೆ. ಆ ಸಾಕವ್ವ ಕೊಪ್ಪರಿಗೆ ತಿಕ್ಕಿದಂಗೆ ತಿಕ್ಕಿ ಹಾಳು ಮಾಡವ್ಳೆ," ಅಂದುಬಿಟ್ಟ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನಂಗೆ, ಮಾವನ ಮೇಲಿನ ಕೋಪ ಸಾಕವ್ವನ ಮೇಲೆ ಬಿತ್ತು. ಅವಳನ್ನ ಕರೆಸಿದ ದೊರೆ, "ಆನೆ ನುಂಗಿದವಳು ನಮ್ಮೂರಲ್ಲಿ ಇರಬಾರದು. ಹೊತ್ತು ಮುಳುಗೋದ್ರೊಳಗೆ ಗಂಡನ್ನ ಕರಕೊಂಡು ಗಡಿ ದಾಟು," ಅಂದ.

ಸಾಕವ್ವನಿಗೆ ತನ್ನ ಚಿಂತೆ ಅಲ್ಲ. ಕಾಲು ಹೋದ ಮುದ್ದಯ್ಯನ್ನ ಎಲ್ಲಿಗೆ ಹೊತ್ಕೊಂಡು ಹೋಗೋದು? "ಬುದ್ಧೀ, ಒಂದು ಗಾಡಿನಾದ್ರೂ ಕೊಡಿ. ನನ್ನ ಗಂಡ ನಡೆಯಲಾರ," ಅಂತ ಕೈ ಮುಗಿದು ಕಂಬದ ಹತ್ರ ನಿಂತ್ಲು. ದೊರೆ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಇತ್ತ ಕೆಂಪರಾಯ ಸೊಂಟದ ಸಂಚಿ ಬಿಚ್ಚಿ ರೇಷ್ಮೆ ಬಟ್ಟೆ ಮೇಲೆ ಮೂರು ಕಾಸು ಇಟ್ಟ. "ಅಳಿಯಂದಿರೇ, ಬೇಜಾರು ಬೇಡ. ಇವು ಮೂರೂ ಆನೆ ಕಾಸೇ. ಒಂದನ್ನ ಆರಿಸಿ. ಮೂರರಲ್ಲಿ ಒಳ್ಳೇದು ಯಾವುದೋ ಅದನ್ನೇ ಆರಿಸಿದ್ರೆ ನಿಮ್ಮದು. ತಪ್ಪಿದ್ರೆ ನಿಮ್ಮ ಹಲಗೆ ನನ್ನದು. ಏನಂತೀರಿ?"

ಸಭೆಯಲ್ಲಿ ಸೋದರಮಾವ ಸವಾಲು ಹಾಕಿದಾಗ ಯಾವ ಅಳಿಯ ಹಿಂದೆ ಸರೀತಾನೆ? "ಆಗಲಿ ಮಾವ," ಅಂದ.

ಮೊದಲನೇದು ಫಳಫಳ ಹೊಳೀತಿತ್ತು. ಎರಡನೇದು ಕಪ್ಪಗೆ, ಗುಂಡಗೆ, ಸೊಂಡಿಲಿಂದ ಬಾಲದವರೆಗೆ ತುಂಬು ಆನೆ. ಮೂರನೇದು ಕಪ್ಪುಗೆಂಪು ಬಣ್ಣ. ಅಂಚಿನಲ್ಲಿ ಒಂದು ಕಚ್ಚು ಬಿದ್ದಿತ್ತು, ಆನೆ ಒಂದು ಪಕ್ಕಕ್ಕೆ ಜರುಗಿ ಬಾಲವೇ ಕಾಸಿನಿಂದ ಆಚೆ ಹೋಗಿತ್ತು.

ಭುಜಂಗಯ್ಯ ಮೀಸೆ ತಿರುವಿಕೊಂಡು ಬಂದ. "ಮೂರನೇದು ಬಿಡಿ, ಬಾಲವಿಲ್ಲದ ಆನೆ ಅಪಶಕುನ. ಎರಡನೇದು ಒಲೆಯೊಳಗಿಂದ ಎದ್ದು ಬಂದಂಗೈತೆ. ಮೊದಲನೇದೇ ಸರಿ!"

ಕಂಬದ ಹತ್ರ ಯಾರೋ ಕಿಸಕ್ಕಂತ ನಕ್ಕರು. ಇನ್ಯಾರು, ಸಾಕವ್ವ! ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನಗಬಾರದು ಅಂತ ಸೆರಗು ಬಾಯಿಗೆ ಅಡ್ಡ ಹಿಡಿದ್ಲು, ಆದ್ರೂ ಬಂದ್ಬಿಡ್ತು.

"ಯಾಕವ್ವ ನಗ್ತೀಯ?" ಅಂದ ಕೆಂಪರಾಯ.

"ತಪ್ಪಾಯ್ತು ಬುದ್ಧೀ. ಆ ಮೊದಲನೇದು ನನ್ನ ಕೈಗೆ ಸಿಕ್ಕಿದ ಕಾಸಿನಂಗೇ ಐತಲ್ಲ, ಅದಕ್ಕೆ."

ದೊರೆ ಮಾವನ ಮುಖ ನೋಡಿದ. ಮಾವನ ಮೀಸೆಯಡಿ ಒಂದು ನಗು ಓಡಾಡ್ತಾ ಐತೆ! ದೊರೆಗೆ ಭುಜಂಗಯ್ಯನ್ನ ನಂಬಿದ್ರೆ ಹಲಗೆ ಹೋಯ್ತು ಅಂತ ಆಗ ಹೊಳೀತು. "ಏ ಸಾಕವ್ವ, ಹಂಗಾದ್ರೆ ನೀನೇ ಆರಿಸು. ಸರಿಯಾದ್ರೆ ಊರಲ್ಲಿ ಇರ್ತೀಯ. ತಪ್ಪಿದ್ರೆ ಸಂಜೆವರೆಗೂ ಕಾಯಲ್ಲ, ಈಗಲೇ ಹೊರಡಬೇಕು."

ಸಾಕವ್ವ ಕೈ ಒರೆಸಿಕೊಂಡ್ಲು. ಮೊದಲನೇ ಕಾಸನ್ನ ಎರಡು ಬೆರಳಲ್ಲಿ ಅಂಚು ಹಿಡಿದು, ಬಾಗಿಲ ಬೆಳಕಿಗೆ ಒಯ್ದು ನೋಡಿದ್ಲು.

"ಇದು ನಿಜವಾದ ಕಾಸೇ ಬುದ್ಧೀ. ಆದ್ರೆ ಹುಣಿಸೆಹಣ್ಣು ತಿಂದೈತೆ. ಉಜ್ಜಿದ್ರೆ ಮೊದಲು ಸವೆಯೋದು ಉಬ್ಬಿರೋ ಜಾಗ. ಆನೆ ಹಣೆ ನೋಡಿ, ಭುಜ ನೋಡಿ, ಚಪ್ಪಟೆ. ಬೆಳ್ಳಗಿರೋದೆಲ್ಲ ಹಾಲಲ್ಲ." ಅಂತ ಕೆಳಗಿಟ್ಟಳು.

ಎರಡನೇದು ತಗೊಂಡ್ಲು. ಇಲ್ಲಿ ಕೈ ನಿಂತ್ಹೋಯ್ತು. ಎಂಥ ಚಂದದ ಆನೆ! ಕಿವಿ ಐತೆ, ದಂತ ಐತೆ, ಬಾಲ ಐತೆ. ಇದೇ ಅಂದುಬಿಡಲಾ? ತಪ್ಪಿದ್ರೆ ಮುದ್ದಯ್ಯ ಬೀದಿಗೆ ಬೀಳ್ತಾನೆ. ಕಾಸನ್ನ ಓರೆ ಮಾಡಿದ್ಲು, ನೆಟ್ಟಗೆ ಮಾಡಿದ್ಲು, ಕಣ್ಣಿನ ಹತ್ರ ತಂದ್ಲು, ದೂರ ಹಿಡಿದ್ಲು. ಭುಜಂಗಯ್ಯ, "ಹೊತ್ತಾಗ್ತದೆ!" ಅಂತ ಕೂಗಿದ.

"ನೀವು ಏಳು ವರ್ಷದಲ್ಲಿ ನೋಡದೆ ಇದ್ದಿದ್ದನ್ನ ನಾನು ಒಂದು ಗಳಿಗೇಲಿ ನೋಡಬೇಕಲ್ಲಯ್ಯ, ತಾಳಿ," ಅಂದ್ಲು ಸಾಕವ್ವ. ಅಷ್ಟು ಹೊತ್ತಿಗೆ ಅವಳ ಕಣ್ಣಿಗೆ ಬಿತ್ತು. ಆನೆಯ ಹೊಟ್ಟೆ ಮೇಲೆ ಸೂಜಿಮೊನೆಯಷ್ಟು ತೂತು. ಒಂದಲ್ಲ, ಹತ್ತಾರು, ದೋಸೆ ಮೇಲೆ ಏಳ್ತವಲ್ಲ ಹಂಗೆ.

"ಬುದ್ಧೀ, ಅಂಚು ಒಂಚೂರು ಒದ್ದೆ ಮಾಡಿ ನೋಡಲಾ?" ಅಂತ ಕೆಂಪರಾಯನ್ನ ಕೇಳಿದ್ಲು. ಅವನು ಹ್ಞೂಂ ಅಂದ. ಸೆರಗಿನ ತುದಿ ನೀರಲ್ಲಿ ಅದ್ದಿ ಅಂಚಿಗೆ ಮುಟ್ಟಿಸಿದ್ಲು. ಸೆರಗಿಗೆ ಕಪ್ಪು ಬಂತು!

"ಹಳೇತನ ಸೆರಗಿಗೆ ಅಂಟಲ್ಲ ಬುದ್ಧೀ, ಮಸಿ ಅಂಟ್ತದೆ. ಸುತ್ತಿಗೆ ಏಟಿಗೆ ಹುಟ್ಟಿದ ಕಾಸಿಗೆ ಇಂಥ ತೂತು ಇರಲ್ಲ. ಇದು ಕರಗಿಸಿದ ತಾಮ್ರ ಅಚ್ಚಿಗೆ ಹೊಯ್ದು, ಬೆರಣಿ ಹೊಗೆ ಕೊಟ್ಟು ಮುದುಕನ ವೇಷ ಹಾಕಿಸಿದ್ದು."

ಉಳಿದದ್ದು ಮೂರನೇದು. ಅದನ್ನ ಕೈಗೆ ತಗೊಂಡ ಕೂಡಲೆ ಸಾಕವ್ವನ ಮುಖ ಅರಳಿತು. "ಬಂದ್ಯಾ ನನ್ನಪ್ಪಾ!" ಅಂದ್ಲು. "ಉಗುರು ನೋಡಿ ಬುದ್ಧೀ. ಮುಂಗಾಲಿಗೆ ಐದು, ಹಿಂಗಾಲಿಗೆ ನಾಕು. ನನ್ನ ಗಂಡ ದಿನಾ ಎಣ್ಣೆ ಹಚ್ತಿದ್ದ ಉಗುರು, ನಾನು ಮರೀತೀನಾ? ಮಾವುತನ ಕೈಯಲ್ಲಿ ಅಂಕುಶನೂ ಐತೆ. ಇದೇ. ಇದನ್ನೇ ತಗೊಳ್ಳಿ."

"ಬಾಲ?" ಅಂದ ದೊರೆ. "ಬಾಲವೇ ಇಲ್ವಲ್ಲೇ! ಅಂಚೂ ಕಚ್ಚಿ ಹೋಗೈತೆ!"

"ಕಾಸು ಹೊಡೆಯೋ ಟಂಕಸಾಲೇಲಿ ಸುತ್ತಿಗೆ ಬೀಳೋವಾಗ ತಾಮ್ರದ ಬಿಲ್ಲೆ ಜರುಗೈತೆ, ಬಾಲ ಆಚೆ ಉಳಿದೈತೆ. ಅದು ಹುಟ್ಟು ಬುದ್ಧೀ, ಸವೆತ ಅಲ್ಲ. ಆರು ಬೆರಳಿನ ಕೂಸು ಹುಟ್ಟಿದ್ರೆ ಎಸೀತೀವಾ? ಅಂಚಲ್ಲಿರೋದು ಯಾರೋ ತಾಮ್ರ ಹೌದೋ ಅಲ್ವೋ ಅಂತ ಉಳಿ ಇಟ್ಟು ನೋಡಿದ ಗುರುತು. ಒಂದು ಗಾಯ ಐತೆ ಅಂತ ಮನುಷ್ಯನ್ನ ಬಿಡ್ತೀವಾ? ಮುಖ ಉಳಿದೈತೋ ಇಲ್ವೋ, ಅದು ನೋಡಬೇಕು."

ಎಲ್ಲರೂ ಕೆಂಪರಾಯನ ಬಾಯನ್ನೇ ನೋಡ್ತಾರೆ. ಕೆಂಪರಾಯ ಎಲೆ ಅಡಿಕೆ ಅಗೀತಾ ಅಗೀತಾ ಕೂತವನೆ. ಸಾಕವ್ವ ಮನಸ್ಸಲ್ಲೇ, ಹೋಗಿ ಬರ್ತೀನಿ ಅಂತ ಗುಡಿಸಲಿಗೆ ಕೈ ಮುಗಿದ್ಲು. ಆಗ ಅವನು ತೊಡೆ ತಟ್ಟಿ ಹೋ ಅಂತ ನಕ್ಕನಂತೆ.

"ಸೋತೆ ಕಣವ್ವ! ಎರಡನೇದು ನಮ್ಮೂರ ಕಂಚುಗಾರನ ಕೈಲಿ ನಾನೇ ಹೊಯ್ಯಿಸಿದ್ದು. ಮೊದಲನೇದನ್ನ ನಾನೇ ಹುಡುಗಾಟದ ವಯಸ್ಸಲ್ಲಿ ಉಜ್ಜಿ ಹಾಳು ಮಾಡಿದ್ದು. ಅಳಿಯಂದಿರೇ, ಮೂರನೇದು ನಿಮ್ಮದು."

ದೊರೆ ಹಿಗ್ಗಿ ಹೀರೇಕಾಯಿ ಆದ. ಆದ್ರೆ ಹಿಗ್ಗಿನ ನಡುವೆ ಒಂದು ಮಾತು ಚುಚ್ಚಿತು. "ಇಷ್ಟು ತಿಳಿದವಳು, ಏಳು ವರ್ಷ ಯಾಕೆ ಸುಮ್ಮನಿದ್ದೆ?"

"ಸುಮ್ಮನಿರಲಿಲ್ಲ ಬುದ್ಧೀ. ನೋಟಗಾರಯ್ಯಂಗೆ ಹೇಳಿದೆ. ಬಾಯಿ ಮುಚ್ಚಿಕೊಂಡು ಉಜ್ಜು ಅಂದ್ರು. ಪ್ರತಿ ಶುಕ್ರವಾರ ಬೆಳಗಿಸಿ ತನ್ನಿ ಅಂತ ಅಪ್ಪಣೆ ನೀವೇ ಕೊಟ್ಟಿದ್ರಿ. ಅಪ್ಪಣೆ ಮೀರಿದ್ರೆ ಆಗಲೇ ಊರು ಬಿಡಿಸ್ತಿದ್ರಿ."

ದೊರೆ ತಲೆ ತಗ್ಗಿಸಿದ. ಒಳ್ಳೇ ದೊರೆ ಕಣ್ರಪ್ಪ, ಹುಚ್ಚ ಆದ್ರೂ ಒಳ್ಳೆಯವನು. "ತಪ್ಪು ನಂದು. ನೀನು ಊರು ಬಿಡಬೇಡ. ಇವತ್ತಿಂದ ನೀನೇ ನಮ್ಮ ನೋಟಗಾತಿ. ಭುಜಂಗಯ್ಯಂಗೆ ಹುಣಿಸೆಹಣ್ಣಿನ ಮೇಲೆ ಅಷ್ಟು ಪ್ರೀತಿ ಇದ್ರೆ ಅಡುಗೆಮನೆ ಕೊಪ್ಪರಿಗೆ ಉಜ್ಜಲಿ," ಅಂದ.

ಸಾಕವ್ವ ಅಲ್ಲಾಡಲಿಲ್ಲ.

"ಇನ್ನೇನವ್ವ ಬೇಕು? ಹೊನ್ನೋ, ಹೊಲವೋ?"

"ಅದೆಲ್ಲ ಆಮೇಲೆ ಬುದ್ಧೀ. ತುಂಬಿದ ಸಭೇಲಿ ಆನೆ ನುಂಗಿದವಳು ಅನ್ನಿಸಿಕೊಂಡಿದೀನಿ. ಹೊತ್ತು ಮುಳುಗೋದ್ರೊಳಗೆ ಊರೆಲ್ಲ ಅದೇ ಮಾತಾಗಿರ್ತದೆ. ಬೈದಿದ್ದು ಹತ್ತು ಜನರ ಮುಂದೆ, ಅಲ್ಲ ಅನ್ನೋದು ನನ್ನೊಬ್ಬಳ ಕಿವೀಲಿ ಆದ್ರೆ ಹೆಂಗೆ?"

ಕೆಂಪರಾಯ ಮತ್ತೆ ಮೀಸೆಯಡಿ ನಕ್ಕ. ದೊರೆ ತಮಟೆಯವನನ್ನ ಕರೆಸಿದ.

ಇತ್ತ ಗುಡಿಸಲಿಗೆ ಯಾರೋ ಪುಣ್ಯಾತ್ಮರು ಊರು ಬಿಡಬೇಕಂತೆ ಅನ್ನೋ ಸುದ್ದಿ ಆಗಲೇ ಮುಟ್ಟಿಸಿದ್ರು. ಮುದ್ದಯ್ಯ ತೆವಳಿಕೊಂಡು ಮಡಕೆ ಕುಡಿಕೆ ಗಂಟು ಕಟ್ತಾ ಇದ್ದ. ಆಗ ತಮಟೆ ಸದ್ದು ಕೇಳಿಸ್ತು. ಬಂದ್ರು ಅಟ್ಟೋದಕ್ಕೆ ಅಂದುಕೊಂಡ. ತಮಟೆ ಹತ್ರ ಬಂತು, ಇನ್ನೂ ಹತ್ರ ಬಂತು, ಬಾಗಿಲಲ್ಲೇ ನಿಂತ್ಕೊಳ್ತು.

"ಕೇಳ್ರಪ್ಪೋ ಕೇಳಿ! ಹಾಲುಗುಂದಿ ಮಹಾಜನಗಳು ಕೇಳಿ! ಆನೆ ಸವೆಸಿದ್ದು ಸಾಕವ್ವ ಅಲ್ಲ! ಆನೆ ಸವೆಸಿದ್ದು ದೊರೆ! ಇದು ದೊರೆಯ ಬಾಯಿಂದಲೇ ಬಂದ ಮಾತು!"

ಮುದ್ದಯ್ಯ ಬಾಗಿಲಿಂದ ತಲೆ ಹಾಕಿ ನೋಡ್ತಾನೆ, ತಮಟೆಯವನ ಹಿಂದೆ ಹೆಂಡ್ತಿ ಬರ್ತಾ ಅವ್ಳೆ, ಹೆಂಡ್ತಿ ಹಿಂದೆ ತಲೆ ತಗ್ಗಿಸ್ಕೊಂಡು ದೊರೆ ಬರ್ತಾ ಅವ್ನೆ! ಮುದ್ದಯ್ಯನಿಗೆ ಅಳು ಬಂತಂತೆ, ನಗು ಬಂತಂತೆ. "ಇನ್ನೊಂದ್ಸಲ ಹೇಳಪ್ಪಾ, ಸರಿಯಾಗಿ ಕೇಳಿಸಲಿಲ್ಲ," ಅಂದನಂತೆ ತಮಟೆಯವನಿಗೆ. ತಮಟೆಯವನು ದೊರೆ ಮುಖ ನೋಡಿದ. "ಹೇಳಯ್ಯ, ಇನ್ನೂ ಜೋರಾಗಿ ಹೇಳು," ಅಂದನಂತೆ ದೊರೆ.

ಅವರು ಅಲ್ಲಿ ಬಿಸಿ ಮುದ್ದೆ ಉಣ್ತಾ ಚೆನ್ನಾಗವ್ರಂತೆ. ಇಲ್ಲಿ ಕತೆ ಹೇಳಿ ನನ್ನ ಗಂಟಲು ಒಣಗೈತೆ. ಕೇಳಿದವರಲ್ಲಿ ಯಾರಾದ್ರೂ ಒಬ್ಬರು ಏಳಿ, ಒಂದು ಚೆಂಬು ಮಜ್ಜಿಗೆ ತನ್ನಿ.