ಶುಕ್ರವಾರದ ಗಾಳಿ

ಬುಡೇನ್ ಹೊಳೆ ದಂಡೆಗೆ ಎದೆ ಉಬ್ಬಿಸಿಕೊಂಡೇ ಬಂದ.

ಅಲ್ಲಿ ಕಲ್ಲು ಮಂಟಪದ ಪಕ್ಕದ ಗುಡಿಸಲಲ್ಲಿ ಹಾಲಪ್ಪ ಮೇಷ್ಟ್ರು ಇದ್ದರು. ಊರಿನ ಗಾಳಿ ಎಷ್ಟು ಕೆಟ್ಟಿದೆ, ಯಾರ ಹೊಗೆಯಿಂದ ಕೆಟ್ಟಿದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆ ಅವರದು. ಅಂಥ ಲೆಕ್ಕದ ಮಾಡೆಲ್ ಯಾರೇ ಕಟ್ಟಲಿ, ಅದು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂದು ಪರೀಕ್ಷೆ ಮಾಡುವವರೂ ಅವರೇ.

ಬುಡೇನ್ ಅವರ ಕೊನೆಯ ಶಿಷ್ಯ. ಅವನನ್ನು ಕೇಳಿದರೆ, ಶಿಷ್ಯ ಅಂತ ಇದ್ದರೆ ಅವನೊಬ್ಬನೇ.

ಲ್ಯಾಪ್‌ಟಾಪ್ ತೆರೆದು ಜಗಲಿ ಮೇಲಿಟ್ಟ.

"ನೋಡಿ ಮೇಷ್ಟ್ರೇ. ಶಾಲೆ ಮಾಳಿಗೆ ಮೇಲಿನ ಯಂತ್ರ ಅಳೆದ ಮಸಿ, ಕರಿ ಚುಕ್ಕಿ. ನನ್ನ ಮಾಡೆಲ್ ಹೇಳಿದ್ದು ಕೆಂಪು ಚುಕ್ಕಿ. ಹನ್ನೆರಡು ತಿಂಗಳೂ ಒಂದರ ಮೇಲೊಂದು ಕೂತಿವೆ. ಕೂದಲೆಳೆಯಷ್ಟು ಸಂದು ಇದ್ರೆ ಮೀಸೆ ಬೋಳಿಸ್ತೀನಿ."

"ಮೀಸೆ ಇರ್ಲಿ. ಮಸಿ ಯಾರದ್ದು ಅನ್ನುತ್ತೆ?"

"ಮಂಡಕ್ಕಿ ಭಟ್ಟಿಗಳದ್ದು. ನೂರಕ್ಕೆ ಎಪ್ಪತ್ತು ಪಾಲು."

"ಊರಾಚೆ ಕಾರ್ಖಾನೆ ಚಿಮಣಿ?"

"ಹತ್ತು ಪಾಲೂ ಇಲ್ಲ."

ಮೇಷ್ಟ್ರು ಪರದೆ ನೋಡದೆ ಅವನ ಕಡೆಗೇ ತಿರುಗಿದರು.

"ನೀನು ಬೆಳೆದದ್ದು ಎಲ್ಲಿ?"

"ನಿಮಗೆ ಗೊತ್ತಿಲ್ಲದ್ದೇ? ಭಟ್ಟಿ ಓಣೀಲಿ. ಖಾಲಾ ಸಾಕಿದ್ದು."

ಖಾಲಾ ಎಂದರೆ ಅವನ ತಾಯಿಯ ತಂಗಿ ಮಾಬೂಬಿ. ತಾಯಿ ಸತ್ತ ಮೇಲೆ, ಕಾದ ಮರಳಲ್ಲಿ ಅಕ್ಕಿ ಹುರಿದು ಹುರಿದು ಇವನನ್ನು ಓದಿಸಿದವಳು.

"ನಿನ್ನ ಮಾಡೆಲಲ್ಲಿ ಭಟ್ಟಿ ವಾರಕ್ಕೆ ಎಷ್ಟು ದಿನ ಉರಿಯುತ್ತೆ?"

"ಏಳು."

"ಮಾಬೂಬಿ ವಾರಕ್ಕೆ ಎಷ್ಟು ದಿನ ಉರಿಸ್ತಾಳೆ?"

ಬುಡೇನ್ ಬೆರಳು ಮಡಿಸಿ ಎಣಿಸಿದ. ಚಿಕ್ಕವನಿದ್ದಾಗ, ಆರಿದ ಭಟ್ಟಿಯೊಳಗೆ ಇಳಿದು ಬಚ್ಚಿಟ್ಟುಕೊಂಡು ಆಡಿದವನು ಅವನೇ.

"ಆರು," ಅಂದ. "ಶುಕ್ರವಾರ ಓಣೀಲಿ ಯಾರೂ ಹಚ್ಚಲ್ಲ."

"ಹಾಗಾದ್ರೆ ನಿನ್ನ ಮಾಡೆಲಲ್ಲೂ ಶುಕ್ರವಾರ ಭಟ್ಟಿ ಆರಿಸು."

ಆರಿಸಿದ. ಶುಕ್ರವಾರದ ಕೆಂಪು ಚುಕ್ಕಿಗಳೆಲ್ಲ ದಬಕ್ಕನೆ ಕೆಳಗೆ ಬಿದ್ದವು.

"ಈಗ ಯಂತ್ರ ಅಳೆದದ್ದು ತೆಗೆ. ತಿಂಗಳ ಸರಾಸರಿ ಬೇಡ. ಬರೀ ಶುಕ್ರವಾರ."

ತೆಗೆದ. ವರ್ಷದ ಐವತ್ತೆರಡು ಶುಕ್ರವಾರ. ಕರಿ ಚುಕ್ಕಿಗಳು ಗುರುವಾರ ಎಲ್ಲಿದ್ದವೋ ಅಲ್ಲೇ ಇದ್ದವು, ಅಲುಗಿರಲಿಲ್ಲ. ಭಟ್ಟಿ ತಣ್ಣಗೆ ಬಿದ್ದ ದಿನವೂ ಊರ ತುಂಬ ಅಷ್ಟೇ ಮಸಿ.

"ಮತ್ತೆ ಇಷ್ಟು ಚೆಂದ ಹೇಗೆ ಕೂರಿಸಿದೆ?"

"ಮೊದಲು ಕೂರಲಿಲ್ಲ ಮೇಷ್ಟ್ರೇ. ಮಸಿ ಕಡಿಮೆ ಬಂತು. ಭಟ್ಟಿ ಹೊಗೆ ಮೂರು ಪಟ್ಟು ಮಾಡಿದೆ. ಕೂತ್ಕೊಂತು."

"ಚಿಮಣೀದು ಯಾಕೆ ಏರಿಸಲಿಲ್ಲ?"

"ಇಷ್ಟೇ ಹೊಗೆ ಅಂತ ಕಾರ್ಖಾನೆಯವರು ಸೀಲು ಹೊಡೆದು ಕೊಟ್ಟಿದ್ರು. ಅದನ್ನ ಹೆಂಗೆ ಮುಟ್ಟಲಿ?"

"ಭಟ್ಟಿಯವರು ಏನು ಕೊಟ್ಟಿದ್ರು?"

"ಅವರನ್ನ ಯಾರೂ ಕೇಳೇ ಇರಲಿಲ್ಲ."

ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿದರು.

"ವರದಿ ಹರಿದು ಹಾಕು."

"ನಿನ್ನೇನೇ ಪುರಸಭೆ ಆಫೀಸಿಗೆ ಕೊಟ್ಟುಬಿಟ್ಟೆ. ನೀವು ಭೇಷ್ ಅಂತೀರಿ ಅನ್ನೋದ್ರಲ್ಲಿ ನನಗೆ ಅನುಮಾನವೇ ಇರಲಿಲ್ಲ." ಅವನ ದನಿ ಇಳಿಯಿತು. "ಸೋಮವಾರ ಸಭೆ ಇದೆ. ಭಟ್ಟಿ ಕೆಡವೋದೋ ಬಿಡೋದೋ ಅಂತ."

"ಇನ್ನೂ ಕೂತಿದ್ದೀಯಲ್ಲ!"

ಬುಡೇನ್ ಓಡಿದ.

ಆಫೀಸಿನ ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ.

"ಚುಕ್ಕಿ ಮೇಲೆ ಚುಕ್ಕಿ ಕೂತಿದೆ ಅಂತ ನಿನ್ನೆ ಮೇಜು ಕುಟ್ಟಿ ಹೇಳಿದ್ದು ನೀವೇ ಅಲ್ವಾ?"

"ನಾನೇ ಸರ್. ಆದ್ರೆ ಶುಕ್ರವಾರ..."

"ಶುಕ್ರವಾರಕ್ಕೊಂದು ಶನಿವಾರಕ್ಕೊಂದು ಆದೇಶ ಹೊರಡಿಸೋಕಾಗುತ್ತೇನ್ರೀ? ಸರಾಸರಿ ಸರಿ ಇದೆ. ಹೋಗಿ."

ಬುಧವಾರ ಜೆಸಿಬಿ ಬಂತು.

ಮಾಬೂಬಿ ಜರಡಿ ಹಿಡಿದುಕೊಂಡು ಓಣಿಯಲ್ಲಿ ನಿಂತಿದ್ದಳು. ಎದುರಿಗೆ ಅವಳ ಭಟ್ಟಿ ಇಟ್ಟಿಗೆ ಗುಡ್ಡೆಯಾಗಿತ್ತು. ಅದರೊಳಗಿನ ಮರಳು ಇನ್ನೂ ಬಿಸಿಯಿತ್ತು.

"ಖಾಲಾ, ತಡೆಯೋಕೆ ಹೋಗಿದ್ದೆ ನಾನು."

"ಬರೆದೋನೂ ನೀನೇ, ತಡೆಯೋನೂ ನೀನೇ. ದೊಡ್ಡ ಮನುಷ್ಯ ಆದೆ ಬಿಡು."

ಅವಳು ಜರಡಿಯನ್ನು ಸೆರಗಿನಿಂದ ಒರೆಸಿದಳು. ಇನ್ನು ಅದರಿಂದ ಏನೂ ಜಾಲಿಸುವುದಿರಲಿಲ್ಲ.

"ಜುಮ್ಮಾ ದಿನ ರಜೆ ಅಂತ ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವೇನೋ, ಬುಡೇನಾ?"

ತಿಂಗಳು ಕಳೆದ ಮೇಲೆ ಬುಡೇನ್ ಮತ್ತೆ ಹೊಳೆ ದಂಡೆಗೆ ಬಂದ. ಕೈಯಲ್ಲಿ ಏನೂ ಇರಲಿಲ್ಲ. ಮೇಷ್ಟ್ರಿಂದ ದೂರವೇ ಕೂತ.

"ಯಂತ್ರ ನೋಡ್ಕೊಂಡು ಬಂದೆ ಮೇಷ್ಟ್ರೇ. ಊರಲ್ಲಿ ಭಟ್ಟಿ ಒಂದೂ ಇಲ್ಲ. ಮಸಿ ಇದ್ದಷ್ಟೇ ಇದೆ."

"ಆಫೀಸಿನವರು ಏನಂದ್ರು?"

"ಮಾಡೆಲ್ ಹಳೇದಾಯ್ತು, ಮತ್ತೆ ಕೂರಿಸಿಕೊಡು ಅಂದ್ರು. ಸೌದೆ ಒಲೆ ಯಾವ ಕೇರೀಲಿ ಜಾಸ್ತಿ ಇವೆ ನೋಡು ಅಂತ ಅವರೇ ಹೇಳಿಕೊಟ್ರು."

"ನೀನು?"

"ಆಗಲ್ಲ ಅಂದೆ. ಬೇರೆಯವನು ಸಿಕ್ಕಿದ್ದಾನಂತೆ. ನನಗಿಂತ ಚುರುಕಂತೆ."

ಮೇಷ್ಟ್ರು ನಗಲಿಲ್ಲ. ಬುಡೇನನೂ ನಗಲಿಲ್ಲ. ಆಚೆ ದಂಡೆಯ ಮೇಲೆ ಆಕಾಶ ಬೂದಿ ಬಣ್ಣಕ್ಕಿತ್ತು.

"ಒಂದು ಮಾತು ಕೇಳ್ಲಾ ಮೇಷ್ಟ್ರೇ? ಅವತ್ತು ನನ್ನ ಚುಕ್ಕಿಗಳ ಕಡೆ ನೀವು ಕಣ್ಣೂ ಹಾಯಿಸಲಿಲ್ಲ. ನೆಟ್ಟಗೆ ಭಟ್ಟಿ ಓಣಿಗೇ ಬಂದ್ರಿ. ತಪ್ಪು ಅಲ್ಲೇ ಇದೆ ಅಂತ ಹೆಂಗೆ ಗೊತ್ತಾಯ್ತು?"

ಹಾಲಪ್ಪ ಮೇಷ್ಟ್ರು ತಮ್ಮ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು.

"ಮೂವತ್ತು ವರ್ಷದ ಹಿಂದೆ ಇದೇ ಊರಿನ ಮಸಿ ಲೆಕ್ಕ ನಾನೂ ಕೂರಿಸಿಕೊಟ್ಟಿದ್ದೆ, ಕುಂಬಾರರ ಒಲೆಗಳದ್ದು ಅಂತ. ಆಗ ಊರಲ್ಲಿ ಕುಂಬಾರರ ಓಣಿ ಅಂತ ಒಂದಿತ್ತು."