ಅವ್ವನವರ ಗೋಡೆಯ ಜೇನು

ಪೂಜ್ಯ ನೀಲಾಂಬಿಕಾ ಅವ್ವನವರು ಗದಗಿನ ಸೀಮೆಯಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಹಿಮಾಲಯದ ಒಂದು ಸಣ್ಣ ಹಳ್ಳಿಯಲ್ಲಿ ಕಳೆದರು. ಆಶ್ರಮವೆಂದರೆ ಕಲ್ಲು ಮತ್ತು ದೇವದಾರು ಮರದ ಒಂದೇ ಕೋಣೆ. ನಡುವೆ ಒಲೆ, ಮೂಲೆಯಲ್ಲಿ ಪೂಜೆಯ ಜಾಗ, ಗೋಡೆಯಲ್ಲಿ ಜೇನು.

ಗೋಡೆಯಲ್ಲಿ ಜೇನೆಂದರೆ ನಮ್ಮ ಕಡೆಯವರಿಗೆ ಸೋಜಿಗವೆನಿಸೀತು. ಆ ಊರಿನಲ್ಲಿ ಮನೆ ಕಟ್ಟುವಾಗಲೇ ದಪ್ಪ ಗೋಡೆಯೊಳಗೆ ಒಂದು ಪೊಳ್ಳು ಜಾಗ ಬಿಡುತ್ತಾರೆ. ಹೊರಬದಿಗೆ ಬೆರಳು ತೂರುವಷ್ಟು ಕಿಂಡಿ, ಒಳಬದಿಗೆ ಹಲಗೆಯ ಮುಚ್ಚಳ. ಜೇನುಹುಳುಗಳು ತಾವಾಗಿಯೇ ಬಂದು ಸೇರುತ್ತವೆ. ಮನೆಯವರ ಒಲೆಯ ಕಾವಿನಲ್ಲಿ ಅವೂ ಚಳಿಗಾಲ ಕಳೆಯುತ್ತವೆ.

ಆ ವರ್ಷ ಅವ್ವನವರ ಗೋಡೆಗೆ ಹಿಂಡು ತಡವಾಗಿ ಬಂದಿತ್ತು. ತೀರಾ ಚಿಕ್ಕದು, ಎರಡು ಬೊಗಸೆ ತುಂಬಿದರೆ ಹೆಚ್ಚು. ಹೇಗೂ ಇದು ಉಳಿಯುವುದಿಲ್ಲ, ಇರುವ ಜೇನುತುಪ್ಪವನ್ನಾದರೂ ತೆಗೆದುಕೊಳ್ಳಿ ಎಂದು ಊರವರು ಹೇಳಿದರು. ಅವ್ವನವರು, ದಾರಿ ನಡೆಯುವವರ ಬುತ್ತಿ ಬಿಚ್ಚಬಾರದು ಎಂದು ನಕ್ಕು, ಒಂದು ಹನಿಯನ್ನೂ ಮುಟ್ಟಲಿಲ್ಲ. ಒಂದೇ ಹುಳು ಹಾಯುವಷ್ಟು ಉಳಿಸಿ ಕಿಂಡಿಯನ್ನು ಮಣ್ಣಿನಿಂದ ಕಿರಿದು ಮಾಡಿದರು. ಹಲಗೆಯ ಸಂದುಗಳಿಗೆ ಸೆಗಣಿ ಮೆತ್ತಿದರು. ತಮ್ಮ ಹಾಸಿಗೆಯನ್ನೂ ಆ ಗೋಡೆಯ ಬದಿಗೇ ಹಾಕಿಕೊಂಡರು.

ಆಗ ಬಂದವರು ಗದಗಿನ ಗಡಿಯಾರ ರಿಪೇರಿಯ ಅಡಿವೆಪ್ಪನವರು ಮತ್ತು ಅವರ ಪತ್ನಿ ನಿಂಬೆವ್ವನವರು. ಶ್ರಾವಣದಲ್ಲಿ ಅವರ ಒಬ್ಬಳೇ ಮಗಳು ಗೌರಾ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ನಿಂಬೆವ್ವನವರ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಅಡಿವೆಪ್ಪನವರು ಡಾಕ್ಟರರಿಗೆ ತೋರಿಸಿದರು, ತಾಯತ ಕಟ್ಟಿಸಿದರು, ದಿನಕ್ಕೆ ಹತ್ತು ಸಲ "ಯಾಕ್ ಮಾತಾಡವಲ್ಲಿ?" ಎಂದು ಕೇಳಿದರು, ಭುಜ ಹಿಡಿದು ಅಲುಗಾಡಿಸಿಯೂ ನೋಡಿದರು. ಏನೂ ಆಗಲಿಲ್ಲ. ಅವರಿಗೆ ಸಾಧುಸಂತರಲ್ಲಿ ನಂಬಿಕೆ ಇರಲಿಲ್ಲ. ದೇವರನ್ನಾದರೂ ಹಿಂದಿನ ಮುಚ್ಚಳ ಬಿಚ್ಚಿ ನೋಡಿಯೇ ಕೈ ಮುಗಿಯುವ ಸ್ವಭಾವ ಅವರದು. ಆದರೂ ದಿಕ್ಕು ತೋಚದೆ ಬಂದಿದ್ದರು.

"ಈಕೀ ಒಂದ್ ಮಾತಾಡಿದ್ರ ಸಾಕ್ರೀ ಅವ್ವಾರ. ಏನ್ ಮಂತ್ರ ಐತಿ ಹೇಳ್ರಿ," ಎಂದರು.

ಅವ್ವನವರು ನಿಂಬೆವ್ವನವರ ಮುಖವನ್ನು ಬಹಳ ಹೊತ್ತು ನೋಡಿ, "ಚಳಿ ಮುಗೀಲಿ, ತಮ್ಮಾ," ಎಂದಷ್ಟೇ ಹೇಳಿದರು.

ಇದೆಂಥ ಔಷಧ ಎಂದು ಅಡಿವೆಪ್ಪನವರಿಗೆ ಸಿಟ್ಟೇ ಬಂತು. ಮರುದಿನವೇ ಹೊರಡೋಣವೆಂದರೆ ಹಿಮ ಬಿದ್ದು ದಾರಿ ಮುಚ್ಚಿತು. ಚಳಿ ಮುಗಿಯುವವರೆಗೆ ಇರಲೇಬೇಕಾಯಿತು.

ಮಾಡಲು ಕೆಲಸವಿಲ್ಲದ ಅಡಿವೆಪ್ಪನವರ ಕುತೂಹಲವೆಲ್ಲ ಗೋಡೆಯ ಮೇಲೆ ಬಿತ್ತು. ಹೊರಗೆ ಇಷ್ಟು ಹಿಮ, ಒಳಗಿನಿಂದ ಒಂದು ಹುಳುವೂ ಹೊರಬಾರದು. ಬದುಕಿವೆಯೋ, ಸತ್ತಿವೆಯೋ? ಅವು ಮಲಗಿಲ್ಲ, ಒಂದಕ್ಕೊಂದು ಅಂಟಿಕೊಂಡು ಮೈ ನಡುಗಿಸಿ ಕಾವು ಹುಟ್ಟಿಸುತ್ತವೆ, ಅಂಚಿನವು ನಡುವಿಗೆ, ನಡುವಿನವು ಅಂಚಿಗೆ ಸರದಿಯಂತೆ ಹೋಗುತ್ತವೆ ಎಂದು ಅವ್ವನವರು ತಿಳಿಸಿಕೊಟ್ಟರು. ಕೇಳಿದ ಮೇಲೆ ನೋಡದೆ ಇರುವುದು ಇನ್ನೂ ಕಷ್ಟವಾಯಿತು.

"ಹಲಗಿ ತೆರಿಬ್ಯಾಡ. ಕಿವಿ ಇಟ್ಟ್ ಕೇಳು," ಎಂದರು ಅವ್ವನವರು.

ಕಿವಿ ಇಟ್ಟರೆ ದೂರದಲ್ಲಿ ಯಾರೋ ಬೀಸುವಕಲ್ಲು ತಿರುಗಿಸಿದಂಥ ಸಣ್ಣ ಸದ್ದು. ಕೆಲವು ದಿನ ಅದೇ ಸಾಕಾಯಿತು. ಒಂದು ಬೆಳಗ್ಗೆ ಆ ಸದ್ದೂ ಕೇಳಲಿಲ್ಲ. ಅವ್ವನವರು ನೀರು ತರಲು ಹೋಗಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅಡಿವೆಪ್ಪನವರು ಕಿಸೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಸೆಗಣಿ ಕೆರೆದು, ಹಲಗೆ ಎತ್ತಿಯೇ ಬಿಟ್ಟರು.

ಹುಳುಗಳು ಬದುಕಿದ್ದವು! ಮುಷ್ಟಿಗಾತ್ರದ ಉಂಡೆಯಾಗಿ ಮೇಣದ ಎರಿಗೆ ಅಂಟಿಕೊಂಡಿದ್ದವು. ಆದರೆ ಹಲಗೆ ಎದ್ದ ರಭಸಕ್ಕೆ ಉಂಡೆ ಬಿರಿಯಿತು. ಕಿಂಡಿಯಿಂದ ನುಗ್ಗಿದ ಗಾಳಿಗೆ ಹುಳುಗಳು ಒಂದೊಂದಾಗಿ ನೆಲಕ್ಕೆ ಉದುರತೊಡಗಿದವು. ಅಡಿವೆಪ್ಪನವರು ಹಲಗೆ ಹಿಡಿದುಕೊಂಡೇ ಕಲ್ಲಾಗಿ ನಿಂತರು.

"ಮುಚ್ಚ್ರೀ! ಸಾಯ್ತಾವು, ಮುಚ್ಚ್ರೀ!"

ಕೂಗಿದವರು ನಿಂಬೆವ್ವನವರು. ಓಡಿ ಬಂದು ಗಂಡನ ಕೈಯಿಂದ ಹಲಗೆ ಕಿತ್ತುಕೊಂಡು ಮುಚ್ಚಿದರು, ತಮ್ಮ ಶಾಲನ್ನು ಸಂದಿಗೆ ತುರುಕಿದರು. ಆಮೇಲೆ ನೆಲದ ಮೇಲೆ ಕುಳಿತು, ಬಿದ್ದ ಹುಳುಗಳನ್ನು ಅಂಗೈಯಲ್ಲಿ ಆಯ್ದುಕೊಂಡು ಬಾಯಿಯ ಬಿಸಿಯುಸಿರು ಬಿಡುತ್ತಾ ಹೋದರು. ಕೆಲವು ಕಾಲಾಡಿಸಿದವು. ಹಲವು ಆಡಿಸಲಿಲ್ಲ.

ಅವ್ವನವರು ಕೊಡದೊಂದಿಗೆ ಒಳಗೆ ಬರುವಾಗ ಅಡಿವೆಪ್ಪನವರು ಅಳುತ್ತಾ ನಗುತ್ತಾ ಹೆಂಡತಿಯ ಮುಂದೆ ಮೊಣಕಾಲೂರಿದ್ದರು. "ಮಾತಾಡಿದ್ಲ್ರೀ ಅವ್ವಾರ! ನಿಂಬೀ, ಇನ್ನೊಂದ್ ಮಾತಾಡು. ಗೌರಾನ ಹೆಸರು ಹೇಳು. ಹೇಳ್ ನೋಡೂಣು!" ನಿಂಬೆವ್ವನವರ ತುಟಿ ಮತ್ತೆ ಬಿಗಿದುಹೋಗಿತ್ತು. ಅಡಿವೆಪ್ಪನವರು ಅವರ ಭುಜ ಹಿಡಿದರು.

ಅವ್ವನವರು ಕೊಡ ಇಳಿಸಿ, ಮೆಲ್ಲಗೆ ಹೇಳಿದರು: "ತಮ್ಮಾ, ಮತ್ತ ಹಲಗಿ ತೆರಿಯಾಕ ಹತ್ತಿಯಲ್ಲೋ."

ಅಡಿವೆಪ್ಪನವರ ಕೈ ತಾನಾಗಿ ಕೆಳಗಿಳಿಯಿತು. ನೆಲದ ಮೇಲೆ ಸತ್ತುಬಿದ್ದ ಹುಳುಗಳನ್ನು ನೋಡಿದರು, ಹೆಂಡತಿಯ ಮುಖ ನೋಡಿದರು. ಅಷ್ಟು ದಿನ ಪ್ರೀತಿಯೆಂದುಕೊಂಡು ತಾವು ಮಾಡಿದ್ದೇನೆಂದು ಅವರಿಗೆ ಆಗ ಹೊಳೆಯಿತು.

ಅಂದಿನಿಂದ ಅವರು ಏನನ್ನೂ ಕೇಳಲಿಲ್ಲ. ಸೆಗಣಿ ಕಲಸಿ ಸಂದುಗಳನ್ನು ತಾವೇ ಮೆತ್ತಿದರು, ಒಲೆಗೆ ಕಟ್ಟಿಗೆ ತಂದರು. ಸಂಜೆಯಾದರೆ ಜೇನಿನ ಗೋಡೆಗೆ ಬೆನ್ನು ಕೊಟ್ಟು ನಿಂಬೆವ್ವನವರ ಪಕ್ಕದಲ್ಲಿ, ಒಂದೇ ಕಂಬಳಿಯಲ್ಲಿ, ಸುಮ್ಮನೆ ಕೂರುತ್ತಿದ್ದರು. ಹಿಂಡು ಮೊದಲೇ ಚಿಕ್ಕದು, ಈಗ ಇನ್ನೂ ಚಿಕ್ಕದಾಗಿತ್ತು. ಉಳಿಯುತ್ತದೆಯೇ ಎಂದು ಕೇಳಲು ನಾಲಿಗೆ ತುರಿಸುತ್ತಿತ್ತು. ಅದನ್ನೂ ಕೇಳಲಿಲ್ಲ. ಗೋಡೆಗೆ ಕಿವಿ ಇಟ್ಟರು, ಅಷ್ಟೆ.

ಹಿಮ ಕರಗಿತು. ಒಂದು ಮಧ್ಯಾಹ್ನ ಬಿಸಿಲು ಗೋಡೆಗೆ ಬಿದ್ದಾಗ ಮೂವರೂ ಹೊರಗೆ ಕುಳಿತಿದ್ದರು. ಕಿಂಡಿಯಲ್ಲಿ ಏನೋ ಅಲುಗಾಡಿತು. ಒಂದು ಜೇನುಹುಳು ಹಿಮ್ಮುಖವಾಗಿ ಹೊರಗೆ ಬಂತು. ಚಳಿಯಲ್ಲಿ ಸತ್ತ ಸಂಗಾತಿಯೊಂದನ್ನು ಎಳೆದುಕೊಂಡು ಬರುತ್ತಿತ್ತು. ಅಂಚಿಗೆ ತಂದು ಕೆಳಗೆ ಬಿಟ್ಟು, ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತು, ಹಾರಿಹೋಯಿತು. ಅದರ ಹಿಂದೆ ಇನ್ನೊಂದು ಬಂತು.

"ಸತ್ತದ್ದನ್ನ ಇಷ್ಟ್ ದಿನಾ ಒಳಗ ಇಟ್ಕೊಂಡಿದ್ವೇನ್ರೀ?" ಎಂದರು ನಿಂಬೆವ್ವನವರು.

"ಹೂಂ, ತಂಗೀ. ಚಳ್ಯಾಗ ಹೊರಗ ತರಾಕ ಆಗೂದಿಲ್ಲ," ಎಂದರು ಅವ್ವನವರು.

ಅಡಿವೆಪ್ಪನವರು ಉಸಿರು ಹಿಡಿದು ಕುಳಿತಿದ್ದರು. ಕೈ ಮುಂದೆ ಹೋಗದಂತೆ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರಂತೆ. ಇದನ್ನು ನನಗೆ ಹೇಳಿದವರು ಅವರೇ, ಗದಗಿನ ತಮ್ಮ ಅಂಗಡಿಯಲ್ಲಿ, ನಾನು ಕೊಟ್ಟ ಗಡಿಯಾರವನ್ನು ಬಿಚ್ಚದೆ ಸುಮ್ಮನೆ ಕಿವಿಗೆ ಹಿಡಿದುಕೊಂಡು.

ಕೊನೆಗೆ ನಿಂಬೆವ್ವನವರು ಕಿಂಡಿಯಿಂದ ಕಣ್ಣು ತೆಗೆಯದೆಯೇ ಹೇಳಿದರಂತೆ: "ನಮ್ಮ ಗೌರಾಗ ಜೇನಂದ್ರ ಭಾಳ ಅಂಜಿಕಿ ಇತ್ತು."